ಕನ್ನಡಕ ತೆಗೆದ ಹೊತ್ತು

ಪೆಟ್ಟಿಗೆ ಎತ್ತಲು ಬಗ್ಗಿದ ಗಂಡಸರ ಬೆರಳುಗಳನ್ನು ಮಾಲ್ಸುನ್ ಹಿಡಿಕೆಯಿಂದ ಒಂದೊಂದಾಗಿ ಬಿಡಿಸತೊಡಗಿದಳು.

"ಮುಟ್ಟಬೇಡಿ. ಕಂಪನಿ ನಿರ್ದೇಶಕರು ಬರ್ಲಿ. ಅವರ ಬಾಯಿಂದ ಒಂದು ಮಾತು ಬರ್ಲಿ. ಆಮೇಲೆ ನನ್ನ ಗಂಡನ್ನ ಎತ್ಕೊಂಡು ಹೋಗಿ."

ಹೊರಗೆ ಚಿತಾಗಾರಕ್ಕೆ ಹೋಗುವ ಬಸ್ಸು ಇಂಜಿನ್ ಆರಿಸದೆ ನಿಂತಿತ್ತು. ಚಾಂಗ್ವನ್ ನಗರದ ಆ ಆಸ್ಪತ್ರೆಯ ನೆಲಮಾಳಿಗೆಯ ಅಂತ್ಯಸಂಸ್ಕಾರದ ಕೋಣೆಯಲ್ಲಿ, ಸಾವಿಗೆ ಬಂದವರಿಗೆಂದು ಮೂರು ದಿನ ಕುದಿದ ಖಾರದ ಮಾಂಸದ ಸಾರಿನ ವಾಸನೆ ಎಲ್ಲರ ಕರಿಬಟ್ಟೆಗೂ ಹತ್ತಿಕೊಂಡಿತ್ತು.

"ಅಮ್ಮ, ನಮ್ಮ ಸರದಿ ತಪ್ಪಿಹೋಗುತ್ತೆ," ಎಂದಳು ಮಗಳು ಇನ್‌ಸೋನ್.

"ತಪ್ಲಿ. ನಿಮ್ಮಪ್ಪ ಯಾವತ್ತೂ ಯಾರನ್ನೂ ಕಾಯಿಸಿದವರಲ್ಲ. ಇವತ್ತೊಂದಿನ ಕಾಯಿಸ್ಲಿ."

ಮಾಲ್ಸುನ್‌ಳ ಗಂಡ ಗ್ಯುಸಿಕ್ ಸತ್ತದ್ದು ಅವನದೇ ಅಜಾಗರೂಕತೆಯಿಂದ, ಕಾರ್ಖಾನೆಯಲ್ಲಿ ಕೆಲಸದ ನಡುವೆ ರಕ್ಷಣೆಯ ಕನ್ನಡಕ ತೆಗೆದದ್ದರಿಂದ. ಕಂಪನಿಯವರು ಹೇಳಿದ್ದು ಅಷ್ಟೇ.

"ಅಜಾಗರೂಕತೆಯಂತೆ!" ಗ್ಯುಸಿಕ್‌ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಬ್ಯೋಂಗ್‌ಟೇ ಮೂಲೆಯಲ್ಲಿ ಲೋಟಕ್ಕೆ ಸೋಜು ಮದ್ಯ ಬಗ್ಗಿಸಿಕೊಳ್ಳುತ್ತ ಗೊಣಗಿದ. "ನಮ್ಮಣ್ಣಂಗೆ? ಮಷಿನ್ನಿಂದ ಬಂದ ಕಾಫೀನೂ ಎರಡೂ ಕೈಲಿ ಇಸ್ಕೊಂಡು ತಲೆ ಬಗ್ಗಿಸೋನು. 'ಅದು ವಯಸ್ಸಲ್ಲಿ ನಿಂಗಿಂತ ಚಿಕ್ದು ಕಣಣ್ಣ' ಅಂತ ರೇಗಿಸ್ತಿದ್ವಿ."

ಯಾರೋ ನಕ್ಕು, ತಟ್ಟನೆ ನಿಲ್ಲಿಸಿದರು.

"ಹಾಗಾದ್ರೆ ನೀನು ಹೇಳು," ಮಾಲ್ಸುನ್ ತಿರುಗಿದಳು. "ನೀನು ನೋಡಿದ್ದೀಯಲ್ಲ."

ಬ್ಯೋಂಗ್‌ಟೇ ಲೋಟದೊಳಗೇ ದಿಟ್ಟಿಸಿದ. "ನಂಗೂ ಇಬ್ರು ಮಕ್ಕಳು, ಅತ್ತಿಗೆ. ನನ್ನ ಕೇಳ್ಬೇಡಿ."

*

ಗೇರ್‌ಬಾಕ್ಸ್ ಜೋಡಿಸುವ ಸಾಲಿನಲ್ಲಿ ಗ್ಯುಸಿಕ್ ಮತ್ತು ರೋಬೋಟಿನ ತೋಳು ಎದುರುಬದುರು. ಈ ಕನ್ನಡಕ ಬಂದ ಮೇಲೆ ನಡುವಿನ ಕಬ್ಬಿಣದ ಬೇಲಿಯನ್ನು ಕಿತ್ತುಹಾಕಿದ್ದರು. ಹಾಕಿಕೊಂಡರೆ, ತೋಳು ಎಲ್ಲಿಗೆ ಬರಲಿದೆಯೋ ಅಲ್ಲಿ ಮೊದಲೇ ಒಂದು ಕೆಂಪು ನೆರಳು ಗಾಳಿಯಲ್ಲಿ ಕಾಣುತ್ತಿತ್ತು. ಮನುಷ್ಯ ಎಲ್ಲಿದ್ದಾನೆಂದು ತೋಳಿಗೆ ತಿಳಿಸುತ್ತಿದ್ದುದೂ ಅದೇ ಕನ್ನಡಕ.

"ಬರೋಕ್ಮುಂಚೆ ಹೇಳಿ ಬರುತ್ತೆ ಕಣೆ," ಎಂದು ಅವನು ಮನೆಯಲ್ಲಿ ಹೊಗಳುತ್ತಿದ್ದ. "ನಿನ್ನ ತಮ್ಮನಿಗಿಂತ ವಾಸಿ."

ಆ ಮಧ್ಯಾಹ್ನ ನಿರ್ದೇಶಕ ಮಾ ಅತಿಥಿಗಳನ್ನು ಕರೆತಂದು ಅವನ ಮುಂದೆ ನಿಂತರು. "ನಮ್ಮ ಹಳೇ ತಲೆ ಇವರು," ಎಂದರು. ಇಷ್ಟು ವರ್ಷದಲ್ಲಿ ಅವರು ಅವನನ್ನು ಗುರುತಿಸಿದ್ದು ಅದೇ ಮೊದಲು. ಹಿರಿಯರ ಎದುರು ಕನ್ನಡಕದ ಹಿಂದೆ ಕಣ್ಣು ಮರೆಸಿಕೊಂಡು ನಿಲ್ಲುವುದೇ? ಗ್ಯುಸಿಕ್ ಎರಡೂ ಕೈಯಲ್ಲಿ ಕನ್ನಡಕ ಬಿಚ್ಚಿದ. ಮುಖದಿಂದ ಇಳಿದ ಕೂಡಲೇ ಅದು ಆರಿಹೋಯಿತು. ತೋಳಿನ ಪಾಲಿಗೆ ಅಲ್ಲಿ ಈಗ ಯಾರೂ ಇರಲಿಲ್ಲ.

ಅವನು ಸೊಂಟದವರೆಗೆ ಬಾಗಿದ. ಬಾಗಿದ ಆ ತಲೆಯ ಮೇಲೆ ಕೆಂಪು ನೆರಳು ಬಿದ್ದದ್ದು, ಕನ್ನಡಕ ಹಾಕಿಕೊಂಡೇ ಇದ್ದ ಬ್ಯೋಂಗ್‌ಟೇಗೆ ಮಾತ್ರ ಕಂಡಿತು.

*

ನಿರ್ದೇಶಕರು ಬಂದರು. ಬಿಸಿಲಿನಿಂದ ಒಳಬಂದ ಅವರ ಕನ್ನಡಕದ ಗಾಜು ಇನ್ನೂ ಕಪ್ಪಗಿತ್ತು.

ಮಾಲ್ಸುನ್ ಅವರ ಕಾಲ ಬಳಿ ಕುಸಿದಳು. "ಸಾಹೇಬ್ರೇ, ನಂಗೇನೂ ಬೇಡ. 'ನನಗೆ ಮರ್ಯಾದೆ ಕೊಡೋಕೆ ಕನ್ನಡಕ ತೆಗೆದ' ಅಂತ ಇವರೆಲ್ಲರ ಮುಂದೆ ಒಂದು ಮಾತು ಹೇಳಿ. ಹೊಣೆಗೇಡಿ ಅನ್ನಿಸ್ಕೊಂಡು ಅವರು ಬೆಂಕಿಗೆ ಹೋಗೋದು ಬೇಡ."

"ನಿಮ್ಮ ದುಃಖ ನನಗೆ ಅರ್ಥವಾಗುತ್ತಮ್ಮ. ಆದರೆ ತೆಗೀರಿ ಅಂತ ನಾನು ಹೇಳಲಿಲ್ಲವಲ್ಲ. ಅವರಾಗೇ ತೆಗೆದರು."

"ಹೇಳ್ಬೇಕಾಗಿತ್ತಾ?" ಎಂದಳು ಇನ್‌ಸೋನ್.

ನಿರ್ದೇಶಕರು ಕಪ್ಪು ಪಟ್ಟಿ ಕಟ್ಟಿದ ಗ್ಯುಸಿಕ್‌ನ ಫೋಟೋದತ್ತ ತಿರುಗಿದರು. ಊದುಬತ್ತಿ ಹಚ್ಚಿದರು. ಆಮೇಲೆ, ಯಾರೂ ಹೇಳದೆಯೇ, ಎರಡೂ ಕೈಯಲ್ಲಿ ತಮ್ಮ ಕನ್ನಡಕ ತೆಗೆದು ಚಾಪೆಯ ಮೇಲಿಟ್ಟು, ಮಂಡಿಯೂರಿ ಹಣೆ ಬಾಗಿಸಿದರು.

ಬ್ಯೋಂಗ್‌ಟೇಯ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಸಾರು ಬಡಿಸುತ್ತಿದ್ದ ಹೆಂಗಸೂ ಸೌಟು ಹಿಡಿದು ನಿಂತಳು.

ಎರಡನೆಯ ಸಲ ಬಾಗಿ ಎದ್ದ ನಿರ್ದೇಶಕರ ಕೈ ಚಾಪೆಯ ಮೇಲೆ ತಡಕಾಡತೊಡಗಿತು. ಕನ್ನಡಕ ಮಾಲ್ಸುನ್‌ಳ ಮಂಡಿಯ ಪಕ್ಕದಲ್ಲೇ ಇತ್ತು. ಯಾರೂ ಎತ್ತಿಕೊಡಲಿಲ್ಲ.