ಹೆರಿಟೇಜ್ ಗಂಜಿ

"ಇಷ್ಟು ಚಂದ ತೆಗೀಬೇಡ ಮಾರಾಯ್ತಿ! ನಿನ್ನ ಅಮ್ಮ ಉಂಡ ಗುಂಡಿ ಹೀಗೆ ಬೋಗುಣಿಯ ಹಾಗೆ ಇತ್ತಾ?"

ವಿಷ್ಣುಪ್ರಸಾದ ಇಂಜಿನಿಯರು ಬೂಟಿನ ತುದಿಯಿಂದ ಗುಂಡಿಯ ಅಂಚು ಕೆಡಿಸಿದರು. ಬೆಳಿಗ್ಗೆಯಿಂದ ಅಂಗಳದಾಚೆ ಅಗೆದು, ಅಂಗೈಯಲ್ಲಿ ಸವರಿ ನುಣ್ಣಗೆ ಮಾಡಿದ್ದ ಹರಿಣಾಕ್ಷಿ ಬಗ್ಗಿದವಳು ಬಗ್ಗಿಯೇ ಉತ್ತರಿಸಿದಳು.

"ನಾನು ನೋಡ್ಲಿಲ್ಲ ಸರ್. ನಾನು ಹುಟ್ಟುವಾಗ ತಟ್ಟೆ ಬಂದಿತ್ತು."

"ಅದೇ ತೊಂದರೆ. ಒರಿಜಿನಲ್ ಫೀಲ್ ಬರ್ಬೇಕು. ಇಲ್ಲಿ ಕೂತವರಿಗೆ ಆ ಕಾಲಕ್ಕೆ ಹೋದ ಹಾಗೆ ಆಗ್ಬೇಕು."

ಆ ಕಾಲಕ್ಕೆ ಹೋಗಬೇಕಾದವರು ಕೊಚ್ಚಿಯಿಂದ ಬರುವವರಿದ್ದರು. ಆ ಕಾಲದಿಂದ ಹೇಗೋ ಜೀವ ಉಳಿಸಿಕೊಂಡು ಬಂದವಳ ಮಗಳು ಅವರಿಗಾಗಿ ಇಲ್ಲಿ ನೆಲ ತೋಡುತ್ತಿದ್ದಳು.

ಬೆಳ್ಳೂರಿನಾಚೆ ಗುಡ್ಡದ ಬುಡದಲ್ಲಿರುವ ಜಮೀನ್ದಾರರ ಈ ಗುತ್ತಿನ ಮನೆಗೆ ಇನ್ನೂರು ವರ್ಷವಂತೆ. ಎರಡು ವರ್ಷದ ಹಿಂದೆ ಧಣಿ ಹರಿನಾಥರು ಅದನ್ನು ಕೆಡವಿ ಮರ ಮಾರಲು ಹೊರಟಿದ್ದರು. ಆಗ ಅವರಿಗೆ ಯಾವ ಪೂರ್ವಜರೂ ನೆನಪಾಗಿರಲಿಲ್ಲ. ಹೋಟೆಲು ಮಾಡಿದರೆ ದೂರದೂರದವರು ಮುಗಿಬೀಳುತ್ತಾರೆ ಎಂದು ವಿಷ್ಣುಪ್ರಸಾದರು ಹೇಳಿದ್ದೇ ತಡ, ಧಣಿಗಳಿಗೆ ಪರಂಪರೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಗೇಣಿಯ ಭತ್ತ ತುಂಬುತ್ತಿದ್ದ ಕಣಜದ ಕೋಣೆ ಮಸಾಜಿನ ಕೋಣೆಯಾಯಿತು. ಆಳುಗಳನ್ನು ಕಟ್ಟಿ ಹೊಡೆಯುತ್ತಿದ್ದ ಕಂಬಕ್ಕೆ ಎಣ್ಣೆ ತಿಕ್ಕಿ, ಬಣ್ಣದ ದೀಪ ಹಾಕಿ, ಸೆಲ್ಫಿಗೆ ಬಿಟ್ಟರು. ಇನ್ನು ಉಳಿದದ್ದು ಊಟ. ಹಿಂದೆ ಗದ್ದೆಯ ಆಳುಗಳಿಗೆ ತಟ್ಟೆ ಕೊಡದೆ, ನೆಲ ತೋಡಿ ಬಾಳೆಲೆ ಹಾಸಿ ಗಂಜಿ ಹೊಯ್ಯುತ್ತಿದ್ದರಲ್ಲ, ಅದೂ ಮೆನುವಿಗೆ ಏರಿತು. ಹೆಸರು 'ಹೆರಿಟೇಜ್ ಗಂಜಿ'.

ಹರಿಣಾಕ್ಷಿಗೆ ಅಡುಗೆಮನೆಯಲ್ಲಿ ಖಾಯಂ ಕೆಲಸವೆಂದು ಮಾತಾಗಿತ್ತು. ಅದಕ್ಕೇ ಹಲ್ಲು ಕಚ್ಚಿ ಅಗೆಯುತ್ತಿದ್ದಳು.

ಸಂಜೆ ಧಣಿಗಳು ಗುಂಡಿ ನೋಡಲು ಬಂದರು.

"ನಾಳೆ ಉದ್ಘಾಟನೆಗೆ ನಿನ್ನ ಅಮ್ಮ ಐತೆಯನ್ನು ಕರ್ಕೊಂಡು ಬಾ. ಮೊದಲನೇ ಗುಂಡಿಗೆ ಅವಳೇ ಕೂರ್ಲಿ. ಇಲ್ಲಿ ನಿಜವಾಗಿ ಉಂಡವರು ಅಂತ ಇನ್ನು ಉಳಿದದ್ದು ಅದೊಂದೇ ಮುದುಕಿ. ಪೇಪರಿನವರು ಬರ್ತಾರೆ."

"ಗುಂಡಿ ನಾನು ತೆಗೀತೇನೆ ಧಣಿ, ಗಂಜಿಯೂ ನಾನೇ ಹೊಯ್ತೇನೆ. ಅಮ್ಮನನ್ನು ಮಾತ್ರ ಅಲ್ಲಿ ಕೂರಿಸುದಿಲ್ಲ."

"ಎಂತ ಅಹಂಕಾರವೇ ನಿಂದು! ಇದೇ ಗಂಜಿ ಕುಡಿದು ಬೆಳೆದ ಜಾತಿ ನಿಮ್ಮದು. ಕೆಲಸ ಬೇಕಾ ಬೇಡ್ವಾ?"

"ಕೆಲಸ ಬೇಕು. ಅಮ್ಮ ಬರುದಿಲ್ಲ."

ಧಣಿಗಳು ನಕ್ಕು ಹೋದರು. ಆ ನಗು ಅವಳಿಗೆ ಸರಿಬರಲಿಲ್ಲ.

ಮರುದಿನ ಮಧ್ಯಾಹ್ನ ಅತಿಥಿಗಳು ಗುಂಡಿಗಳ ಸುತ್ತ ಮೆತ್ತನೆ ದಿಂಬಿನ ಮೇಲೆ ಕುಳಿತರು. ನೆಲದಲ್ಲಿ ಉಣ್ಣಬೇಕು ಸರಿ, ಹಾಗೆಂದು ಕುಂಡೆಗೆ ನೋವಾಗಬಾರದಲ್ಲ. ಅವರಿಗೂ ಧಣಿಗಳಿಗೂ ಗಂಜಿ ಹೊಯ್ದು ಹರಿಣಾಕ್ಷಿ ಇನ್ನೊಂದು ಪಾತ್ರೆ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಮೊದಲನೇ ಗುಂಡಿಯ ಮುಂದೆ ಅಮ್ಮ ಕುಳಿತಿದ್ದಳು. ಅವಳಿಗೆ ದಿಂಬು ಇರಲಿಲ್ಲ.

ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುದುಕಿ ತಲೆ ತಗ್ಗಿಸಿ, ನಾಯಿ ಬಾಯಿ ಹಾಕದಂತೆ ಗುಂಡಿಗೆ ಎಡಗೈ ಅಡ್ಡ ಹಿಡಿದಿದ್ದಳು. ಅರವತ್ತು ವರ್ಷ ಕಳೆದರೂ ಕೈ ಮರೆತಿರಲಿಲ್ಲ. ಸುತ್ತಮುತ್ತ ನಾಯಿಯೇ ಇರಲಿಲ್ಲ.

"ಅಜ್ಜೀ, ಸೂಪರ್! ಕೈ ತೆಗೀಬೇಡಿ, ಹಾಗೇ ಇರ್ಲಿ," ಎಂದ ಫೋಟೋದವನು.

ಹರಿಣಾಕ್ಷಿ ಪಾತ್ರೆ ಹಿಡಿದೇ ಅಮ್ಮನ ಬಳಿ ಬಂದಳು.

"ಅಮ್ಮಾ, ಏಳು."

"ನೀನು ಕರೀತಿ ಅಂತ ಹೇಳಿ ಧಣಿ ಜೀಪು ಕಳ್ಸಿದ್ರು ಮಗಾ. ಗಂಜಿ ಹಾಕುದಿಲ್ವಾ?"

ಹರಿಣಾಕ್ಷಿ ಪಾತ್ರೆ ಕೆಳಗಿಟ್ಟಳು. ಗೋಡೆಗೆ ಒರಗಿಸಿದ್ದ ಗುದ್ದಲಿ ತಂದು ಅಮ್ಮನ ಮುಂದಿನ ಗುಂಡಿಗೆ ಮಣ್ಣು ಎಳೆದಳು. ಜನ ಚಪ್ಪಾಳೆ ತಟ್ಟಿದರು. ಕೊಚ್ಚಿಯ ಹೆಂಗಸೊಬ್ಬಳು "ಬ್ಯೂಟಿಫುಲ್" ಎಂದು ಮೊಬೈಲು ಹಿಡಿದಳು. ವಿಷ್ಣುಪ್ರಸಾದರು ಪಕ್ಕದವರ ಕಿವಿಯಲ್ಲಿ, "ಇದು ಪ್ರೋಗ್ರಾಮಿನಲ್ಲಿ ಇರ್ಲಿಲ್ಲ, ಆದ್ರೂ ಒಳ್ಳೆದುಂಟು," ಎಂದರು.

ಎರಡನೆಯ ಗುಂಡಿ ಆ ಹೆಂಗಸಿನದೇ. ಗಂಜಿಯ ಮೇಲೆ ಮಣ್ಣು ಬಿದ್ದು ಸೀರೆಗೆ ಸಿಡಿದಾಗ ಅವಳು ಕಿರುಚಿಕೊಂಡು ಎದ್ದಳು. ಚಪ್ಪಾಳೆ ನಿಂತಿತು.

ಮೂರನೆಯದು ಧಣಿಗಳದ್ದು. ಅವರು ಹಲಸಿನೆಲೆಯ ಚಮಚವನ್ನು ಗಂಜಿಯೊಳಗೆ ಅದ್ದಿ ಹಿಡಿದೇ ಕೂಗಿದರು.

"ಬೇವರ್ಸಿ ರಂಡೆ! ಈ ಮನೆ ಉಳಿಸಿದ್ದು ಯಾರಿಗೋಸ್ಕರ? ನಿಮ್ಮಂಥವರಿಗೆ ನಾಲ್ಕು ಕಾಸಿನ ಕೆಲಸ ಸಿಗ್ಲಿ ಅಂತ!"

"ಮನೆ ಉಳೀಲಿ ಧಣಿ. ಕೈ ತೆಗೀರಿ."

ಅವರು ತೆಗೆಯಲಿಲ್ಲ. ಅವಳೂ ಕಾಯಲಿಲ್ಲ. ಗುದ್ದಲಿ ತುಂಬ ಮಣ್ಣು ಎಳೆದಳು. ಧಣಿಗಳ ಕೈ ಮಣಿಗಂಟಿನವರೆಗೆ ಹೂತುಹೋಯಿತು.

ಹರಿಣಾಕ್ಷಿಯ ಹಿಂದೆ ಐತೆ ಮಂಡಿ ಹಿಡಿದುಕೊಂಡು ಎದ್ದಳು. ತನ್ನ ಗುಂಡಿಯ ಮೇಲಿನ ಸಡಿಲ ಮಣ್ಣನ್ನು ಒಮ್ಮೆ ನೋಡಿ, ಸಸಿಯ ಬುಡ ಗಟ್ಟಿ ಮಾಡುವಂತೆ ಹಿಮ್ಮಡಿಯಿಂದ ಮೆಟ್ಟತೊಡಗಿದಳು.

"ಇನ್ನೂ ಸ್ವಲ್ಪ ಎಳಿ ಮಗಾ," ಎಂದಳು. "ಇಲ್ಲಿ ತಗ್ಗು ಉಂಟು."