ತೊಡಗಿದ ತೊ, ತೂಕಡಿಸಿದ ತೂ

ನನ್ನ ಅಕ್ಷರ ಚೆನ್ನಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬೇಡಿ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡಿಸುತ್ತಿದ್ದ ನಮ್ಮ ಅಬ್ಬಾ ನನ್ನ ನೋಟ್‌ಬುಕ್ ಕಂಡಾಗಲೆಲ್ಲ, ಕೋಳಿ ಕಾಲಿಗೆ ಶಾಯಿ ಹಚ್ಚಿ ಬಿಟ್ಟ ಹಾಗಿದೆ ಎಂದು ದಖನಿ ಉರ್ದುವಿನಲ್ಲಿ ಬೈಯುತ್ತಿದ್ದರು. ಅದೇ ಕೈಯಿಂದ ಕನ್ನಡ ಎಂ.ಎ. ಬರೆದು ಪಾಸಾದೆ. ಒಂಬತ್ತು ವರ್ಷದಿಂದ ಚಿತ್ತಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಗೆ ಮರ್ಯಾದೆ ಎಷ್ಟಿರುತ್ತದೋ ನನಗೂ ಅಷ್ಟೇ ಇದೆ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಡಿಗ್ರಿ ಮಕ್ಕಳ 'ಎಂಗೇಜ್ಮೆಂಟ್' ಅಳೆಯಬೇಕು, ಪ್ರತಿಯೊಬ್ಬರಿಗೂ ಶೇಕಡಾ ಕೊಡಬೇಕು. ನಮ್ಮ ಪ್ರಿನ್ಸಿಪಾಲ್ ಅಶೋಕಕುಮಾರ ಸರ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದರಾಗ ಹೊಸಾದು ಏನದರಿ? ಮಾಸ್ತರ ರಜಾ ಇದ್ದಾಗ ಇನ್ನೊಬ್ಬರು ಹೋಗಿ ಕ್ಲಾಸ್ ಎಂಗೇಜ್ ಮಾಡತಾರ. ಹುಡುಗರು ಗದ್ದಲ ಮಾಡಬಾರದು, ಅಷ್ಟ. ಮೂವತ್ತು ವರ್ಷದಿಂದ ಮಾಡಾಕತ್ತೀವಿ."

ಅದಲ್ಲ ಸರ್, ಮಕ್ಕಳು ಪಾಠದಲ್ಲಿ ಎಷ್ಟು ಮನಸ್ಸಿಡುತ್ತಾರೆ ಅನ್ನೋದು, ಎಂದೆ. "ಮನಸ್ಸು ಅಳೀಲಿಕ್ಕಿ ಬರ್ತದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರುಜು ಮಾಡಿದರು.

ಮೊದಲ ಸಲ ಮಕ್ಕಳೇ ಫೋನಿನಲ್ಲಿ ಪ್ರಶ್ನೆಗಳಿಗೆ ಉತ್ತರ ಒತ್ತಿದರು. ಬಂದ ಅಂಕ ನೇರವಾಗಿ ಪಾಲಕರ ಫೋನಿಗೆ ಹೋಯಿತು. ಮರುದಿನ ದಂಡೋತಿಯಿಂದ ಮೊದಲ ಬಸ್ಸಿಗೇ ಶರಣಬಸಮ್ಮ ಎನ್ನುವ ಹೆಣ್ಣುಮಗಳು ಕಾಲೇಜಿಗೆ ಬಂದಳು. ಅವಳ ಮಗಳು ಬಸವೇಶ್ವರಿ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ. ತಾಯಿ ಸೆರಗಿನಿಂದ ಫೋನು ಬಿಚ್ಚಿ ನನ್ನ ಮುಂದೆ ಹಿಡಿದಳು. 'ನಿಮ್ಮ ಮಗಳ ಎಂಗೇಜ್ಮೆಂಟ್ ಶೇ. 62 ಆಗಿದೆ' ಎಂದಿತ್ತು.

"ಯಾರ ಜೋಡಿ ಆಗ್ಯಾದರಿ ಮೇಡಂ?" ಎಂದು ಕೇಳಿದಳು. "ನಮಗ ಹೇಳ್ದೆ ಕೇಳ್ದೆ ಅರವತ್ತೆರಡು ಆಗ್ಯಾದಂದ್ರ, ಉಳದ ಮೂವತ್ತೆಂಟು ಯಾವಾಗ?"

ನಾನು ನಗಬಾರದಿತ್ತು, ನಕ್ಕೆ. ಆಮೇಲೆ ಕೂರಿಸಿ ಚಹಾ ತರಿಸಿ, ಇದು ನಿಶ್ಚಯದ ಎಂಗೇಜ್ಮೆಂಟ್ ಅಲ್ಲ, ಪಾಠದ್ದು ಎಂದು ತಿಳಿಸಿ ಹೇಳಿದೆ. ಅವಳಿಗೆ ಹೋದ ಜೀವ ಬಂದಂತಾಯಿತು. ಆ ವಾರ ಇನ್ನೂ ಆರು ಮಂದಿ ಪಾಲಕರು ಬಂದರು. ಒಬ್ಬರಂತೂ ಹುಡುಗನ ಹೆಸರು ಹೇಳೋವರೆಗೂ ಎದ್ದೇಳುವುದಿಲ್ಲ ಎಂದು ಆಫೀಸಿನಲ್ಲಿ ಕುಳಿತರು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಜಬೀನ್ ಮೇಡಂ, ನೀವು ಕನ್ನಡದೋರು. ಇದನ್ನ ಕನ್ನಡ ಮಾಡಿಬಿಡ್ರಿ. ಅರ್ಥ ಆಗಲಿಲ್ಲಂದ್ರೂ ನಡೀತದ, ಲಗ್ನ ಆಗಬಾರದು."

ಮಾಡಿದೆ. ಎಂಗೇಜ್ಮೆಂಟಿಗೆ 'ತೊಡಗುವಿಕೆ' ಎಂದಿಟ್ಟೆ. ಫೋನಿನ ಪ್ರಶ್ನೆ ಬಿಟ್ಟು, ಉಪನ್ಯಾಸಕರೇ ಹತ್ತು ನಿಮಿಷಕ್ಕೊಮ್ಮೆ ಕ್ಲಾಸು ನೋಡಿ ಹಾಳೆಯಲ್ಲಿ ಗುರುತು ಹಾಕುವ ನಮೂನೆ ತಯಾರಿಸಿದೆ. ಮನಸ್ಸಿಟ್ಟು ಕೂತವರಿಗೆ 'ತೊ', ಅಂದರೆ ತೊಡಗಿದ್ದಾರೆ. ನಿದ್ದೆ ಮಾಡುವವರಿಗೆ 'ತೂ', ಅಂದರೆ ತೂಕಡಿಕೆ. ಫೋನು ಒತ್ತುವವರಿಗೆ 'ಬೇ', ಬೇರೆ ಕೆಲಸ. ವಿಶ್ವವಿದ್ಯಾಲಯದವರಿಗೆ ಎಷ್ಟು ಹಿಡಿಸಿತೆಂದರೆ ನನ್ನ ನಮೂನೆಯನ್ನೇ ಸೇಡಂ, ಚಿಂಚೋಳಿ ಕಡೆಯ ಕಾಲೇಜುಗಳಿಗೂ ಕಳಿಸಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಹೆಸರಿನ ಹಿಂದೆ 'ಅತಿಥಿ' ಸೇರಿಸದೆ ಪತ್ರ ಬರೆದಿದ್ದರು. ಆ ಪತ್ರವನ್ನು ಅಮ್ಮಿಗೆ ಓದಿ ತೋರಿಸಿದೆ. ಹೆಮ್ಮೆ ಪಟ್ಟೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಎರಡನೇ ಪತ್ರ ಬಂತು. ಪ್ರತಿ ಕಾಲೇಜಿನಿಂದ ಒಂದು ಕ್ಲಾಸು ಮಾದರಿ. ಆ ಕ್ಲಾಸಿನಲ್ಲಿ ತೊಡಗುವಿಕೆ ಎಲ್ಲರಿಗಿಂತ ಹೆಚ್ಚಿರುವ ಒಬ್ಬರಿಗೆ, ಡಿಗ್ರಿ ಮುಗಿದ ಮೇಲೆ ಕಲಬುರಗಿಯಲ್ಲಿ ಬಿ.ಎಡ್. ಸೀಟು, ಹಾಸ್ಟೆಲ್ಲು ಎರಡೂ ಉಚಿತ. ನಮ್ಮಲ್ಲಿ ಆರಿಸಿದ್ದು ನನ್ನ ಕೊನೆಯ ವರ್ಷದ ಕನ್ನಡ ಕ್ಲಾಸು.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು, ಸೀಟು ಬಸವೇಶ್ವರಿಯದು. ಮೂರು ವರ್ಷದಿಂದ ಎರಡನೇ ಬೆಂಚಿನಲ್ಲಿ ಕೂತು, ನಾನು ಬಾಯಿಬಿಟ್ಟ ಪ್ರತಿ ಮಾತನ್ನೂ ಬರೆದುಕೊಂಡ ಹುಡುಗಿ. ಕಾಗಿಣಾ ಹೊಳೆ ತುಂಬಿ ಬಸ್ಸು ನಿಂತ ದಿನ ಸುತ್ತು ಹಾಕಿ ಬೇರೆ ದಾರಿಯಿಂದ ಬಂದು, ಬಾಗಿಲಲ್ಲಿ ನಿಂತು, "ತಡ ಆಯ್ತ್ರಿ ಮೇಡಂ, ಬರ್ಲಿ?" ಎನ್ನುತ್ತಿದ್ದಳು. ಅವಳಿಗೆ ಕನ್ನಡ ಮೇಡಂ ಆಗಬೇಕು. ಮನೆಯಲ್ಲಿ, ಡಿಗ್ರಿ ಆಯಿತಲ್ಲ ಸಾಕು, ಎನ್ನುತ್ತಿದ್ದರು. ಹಾಸ್ಟೆಲ್ ಸಿಕ್ಕರೆ ಮಾತ್ರ ಮುಂದಿನ ಓದು, ಇಲ್ಲದಿದ್ದರೆ ಇಲ್ಲ. ಇದನ್ನು ಅವಳೇ ನನಗೆ ಹೇಳಿದ್ದಳು, ಅಳದೆ, ಬಸ್ಸಿನ ಟೈಮು ಹೇಳಿದಷ್ಟು ಸಹಜವಾಗಿ.

ಹದಿನೈದು ದಿನ ಗುರುತು ಹಾಕಿದೆ. ನಲವತ್ತೊಂದು ಹೆಸರು, ಪಾಠ ಮಾಡುತ್ತಾ, ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾ. ಒಂದು ವಚನ ಅರ್ಧಕ್ಕೆ ನಿಲ್ಲಿಸಿ ತೊ, ತೊ, ಬೇ, ತೊ ಎಂದು ಗೀಚಿ ಮತ್ತೆ ವಚನಕ್ಕೆ ಬರುವಷ್ಟರಲ್ಲಿ ನನ್ನ ತೊಡಗುವಿಕೆಯೇ ಹಾರಿಹೋಗುತ್ತಿತ್ತು. ಅದನ್ನು ಅಳೆಯುವವರು ಯಾರೂ ಇರಲಿಲ್ಲ. ಕೊನೆಯ ಬೆಂಚಿನ ತಾರೀಕನಿಗೆ ಮಾತ್ರ ದಿನಾ ತೂ. ವಾಡಿಯಲ್ಲಿ ಅವರಪ್ಪನ ಬೇಕರಿ ಇದೆ. ನಸುಕಿಗೇ ಎದ್ದು ಭಟ್ಟಿ ಮುಂದೆ ನಿಂತು ಬರುವ ಹುಡುಗ, ಗೋಡೆಗೆ ತಲೆ ಕೊಟ್ಟರೆ ಗಂಟೆ ಹೊಡೆಯುವವರೆಗೂ ಏಳುತ್ತಿರಲಿಲ್ಲ. ಅವನ ಸಾಲಿಗೆ ಬಂದಾಗ ನನಗೆ ಸಿಟ್ಟು ಬರುತ್ತಿತ್ತು, ಪೆನ್ನು ಒತ್ತಿ, ಎಳೆದು ಬರೆಯುತ್ತಿದ್ದೆ.

ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿದವರು ಆಫೀಸಿನ ಮಡಿವಾಳಯ್ಯನವರು. ಎದುರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಮನುಷ್ಯ. ಅವರ ಮೇಲೆ ತಪ್ಪು ಹೊರಿಸಲು ನಾನು ಭಾಳ ನೋಡಿದೆ, ಆಗಲಿಲ್ಲ.

ಫಲಿತಾಂಶ ಬಂದ ದಿನ ನೋಡಿದರೆ ಬಸವೇಶ್ವರಿಗೆ ಶೇ. 4. ಉಳಿದವರಿಗೆಲ್ಲ ಐದು, ಏಳು, ಒಂಬತ್ತು. ತಾರೀಕನಿಗೆ ತೊಂಬತ್ತಾರು.

ನನಗೆ ಮೊದಲು ತಿಳಿಯಲೇ ಇಲ್ಲ. ಓಡಿಹೋಗಿ ಮಡಿವಾಳಯ್ಯನವರ ಮೇಜಿನ ಮೇಲಿಂದ ಹಾಳೆ ಎತ್ತಿದೆ. ಆಗ ಕಂಡಿತು. ತೊ, ತೂ ಎರಡಕ್ಕೂ ಬಲಕ್ಕೆ ಅದೇ ಕೊಂಬಿನ ಇಳಿ. ಮೇಲೆ ಒಂದಕ್ಕೆ ಏತ್ವ, ಇನ್ನೊಂದಕ್ಕೆ ತಲಕಟ್ಟು. ವ್ಯತ್ಯಾಸ ಅಷ್ಟೇ. ಅವಸರದ ನನ್ನ ಕೈ ಏತ್ವವನ್ನು ಮೇಲಕ್ಕೆ ಎಳೆದಿರಲೇ ಇಲ್ಲ, ಚಪ್ಪಟೆ ಗೆರೆಯಾಗಿ ಮಲಗಿತ್ತು. ತಾರೀಕನ ಸಾಲಿನಲ್ಲಿ ಸಿಟ್ಟಿಗೆ ತಲಕಟ್ಟು ಮೇಲೆದ್ದು ಏತ್ವವಾಗಿತ್ತು. ಎಚ್ಚರ ಇದ್ದವರೆಲ್ಲ ನಿದ್ದೆ ಮಾಡಿದ್ದರು, ನಿದ್ದೆ ಮಾಡಿದವನೊಬ್ಬ ಎಚ್ಚರ ಇದ್ದ.

"ಮೇಡಂ, ನನಗ ಒಂದೀಟು ಅನುಮಾನ ಬಂದಿತ್ತು," ಎಂದರು ಮಡಿವಾಳಯ್ಯ. "ಇಡೀ ಕ್ಲಾಸ್ ಹ್ಯಾಂಗ ಮಲಗತದ ಅಂತ. ಆದ್ರ ಕನ್ನಡ ಪಿರಿಯಡ್ ನೋಡ್ರಿ, ಮಧ್ಯಾಹ್ನದ್ದು, ಇದ್ದರೂ ಇದ್ದೀತು ಅಂದ್ಕೊಂಡೆ."

ಅವರು ವ್ಯಂಗ್ಯ ಮಾಡಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಸೇಡಂನ ಕಾಲೇಜಿನಲ್ಲಿ ಗುರುತು ಹಾಕಿದ ನಜಮುನ್ನೀಸಾ ಮೇಡಂಗೆ ಫೋನು ಮಾಡಿದೆ. ಅವರಲ್ಲೂ ಹೀಗೇ ಆಗಿದ್ದರೆ ನಮೂನೆಯದೇ ತಪ್ಪು ಎನ್ನಬಹುದಿತ್ತು. ಆಗಿರಲಿಲ್ಲ. ಅವರ ಅಕ್ಷರ ಅಚ್ಚು ಹಾಕಿದ ಹಾಗಿರುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಅವಕಾಶವೂ ನನಗೆ ಸಿಗಲಿಲ್ಲ.

ಪ್ರಿನ್ಸಿಪಾಲರು, ವಿಶ್ವವಿದ್ಯಾಲಯದ ಪೋರ್ಟಲ್ ಮುಚ್ಚಿದೆ, ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂದರು. ಒಂದು ಪತ್ರ ಮಾತ್ರ ಕೊಟ್ಟರು. ಹಾಳೆಗಳ ಕಟ್ಟು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ. ಅಂಕಿಅಂಶ ವಿಭಾಗದ ಅಧಿಕಾರಿ ಒಳ್ಳೆಯ ಮನುಷ್ಯ. "ಬರ್ರಿ, ಕುಂದ್ರಿ, ನಮೂನಿ ಮಾಡಿದೋರು ನೀವೇ ಅಲ್ಲರಿ?" ಎಂದು ಕುರ್ಚಿ ಎಳೆದುಕೊಟ್ಟರು. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು.

ಅವರು ಹಾಳೆ ತಿರುವಿ ಬಸವೇಶ್ವರಿಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ತೂ. ತೂ. ತೂ. ತೂ." ಮುಖಕ್ಕೆ ಉಗಿಸಿಕೊಂಡ ಹಾಗಾಯಿತು. ಪಕ್ಕದ ಕೋಣೆಯಿಂದ ಇಬ್ಬರನ್ನು ಕರೆಸಿದರು. ಅವರೂ ತೂ ಎಂದರು.

"ಅದು ತೊ ಸರ್, ನಾನು ಬರೆದದ್ದು ನನಗೆ ಗೊತ್ತಿಲ್ಲವೇ?" ಎಂದೆ.

"ಹಂಗಾದ್ರ ನೀವೇ ಓದ್ರಿ ಮೇಡಂ. ಹತ್ತಕ್ಕ ಹತ್ತು ಸರಿ ಓದಿದ್ರ ನಾ ಮ್ಯಾಲಿನೋರಿಗಿ ಬರೀತೀನಿ." ಎಂದು ಹೆಸರುಗಳ ಮೇಲೆ ಸ್ಕೇಲು ಅಡ್ಡ ಇಟ್ಟು, ಅಲ್ಲೊಂದು ಇಲ್ಲೊಂದು ಅಕ್ಷರ ತೋರಿಸುತ್ತಾ ಹೋದರು.

ತೊ ಎಂದೆ. ತೊ. ತೂ. ಮುಂದಿನದಕ್ಕೆ ನಿಂತೆ. ಹೆಸರು ಕಾಣದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದೆ, ಅಡ್ಡ ತಿರುಗಿಸಿದೆ. ಕನ್ನಡ ಎಂ.ಎ. ಮಾಡಿದವಳು ಕಾಗುಣಿತ ತಿಳಿಯದ ಕೂಸಿನ ಹಾಗೆ ಕೂತಿದ್ದೆ. ಕೊನೆಗೆ ಸ್ಕೇಲು ತೆಗೆದು ಹೆಸರು ನೋಡಿದರೆ ಹತ್ತರಲ್ಲಿ ನಾಲ್ಕು ತಪ್ಪಾಗಿದ್ದವು. ತಾರೀಕನಿಗೆ ತೊ, ಬಸವೇಶ್ವರಿಗೆ ತೂ ಎಂದು ನಾನೇ ಓದಿದ್ದೆ.

"ಬರದವರಿಗೇ ಓದಲಿಕ್ಕಿ ಬರ್ಲಿಲ್ಲಂದ್ರ ನಾ ಏನಂತ ಬರೀಲರಿ?" ಎಂದರು ಅವರು, ನನ್ನ ಮುಖ ನೋಡದೆ. ಹಾಳೆ ತಿರುಗಿ ಕೊಟ್ಟರು.

ಮರುದಿನ ಸ್ಟಾಫ್ ರೂಮಿನ ಹೊರಗೆ ತಾರೀಕ ನಿಂತಿದ್ದ. "ಮೇಡಂ, ನಾ ಮಲ್ಕೊಂಡಿದ್ದೆ. ಎಲ್ಲಾರಿಗಿ ಗೊತ್ತದ. ನನಗ ಸೀಟು ಬ್ಯಾಡ. ನಾ ಬ್ಯಾಡಂದ್ರ ಬಸವೇಶ್ವರಿಗಿ ಬರ್ತದೇನ್ರಿ?"

ಇಲ್ಲ ಎಂದೆ. ನೀನು ಬಿಟ್ಟರೆ ಸೀಟು ಬೇರೆ ಕಾಲೇಜಿಗೆ ಹೋಗುತ್ತದೆ.

"ಹಂಗಾದ್ರ ನಾ ಏನ್ ಮಾಡ್ಲಿ?"

ಕ್ಲಾಸಿಗೆ ಹೋಗು ಎಂದೆ. ಹೋದ. ಅವತ್ತು ಅವನು ನಿದ್ದೆ ಮಾಡಲಿಲ್ಲ.

ಸಂಜೆ ಬಸವೇಶ್ವರಿ ಬಂದಳು. ನಾನು ಏನೂ ಮುಚ್ಚಿಡದೆ ಹೇಳಿದೆ. ನನ್ನ ಅಕ್ಷರ ನಿನ್ನ ಸೀಟು ತಿಂದಿತು, ನನ್ನ ತಪ್ಪು, ನನ್ನಿಂದ ಆಯಿತು ಎಂದೆ. ಅವಳು ಸಿಟ್ಟಾಗಲಿಲ್ಲ. "ಒಮ್ಮಿ ಹಾಳಿ ನೋಡ್ಲೇನ್ರಿ ಮೇಡಂ?" ಎಂದಳಷ್ಟೇ.

ಕೊಟ್ಟೆ. ಬಸವೇಶ್ವರಿ ತನ್ನ ಸಾಲು ನೋಡಿ, "ಇದು ತೊ ಅಲ್ಲರಿ," ಎಂದಳು, ತೊ ತಾನೇ ಎಂಬ ಅರ್ಥದಲ್ಲಿ. ಅಧಿಕಾರಿ ಮಾಡಿದ ಹಾಗೆಯೇ ಹೆಸರುಗಳ ಮೇಲೆ ಸ್ಕೇಲು ಇಟ್ಟೆ. ಓದು ಎಂದೆ. ಅವಳು ಓದಿದಳು, ತಡೆಯದೆ, ಹಾಜರಿ ಕೂಗಿದ ಹಾಗೆ. ತೊ, ತೊ, ಬೇ, ತೊ. ಮೂರು ಪುಟ. ಕೊನೆಯ ಬೆಂಚಿನ ಸಾಲಿಗೆ ಬಂದಾಗ, "ತೂ. ಇದು ತಾರೀಕಂದು ಇರಬೇಕು, ಭಾಳ ಸಿಟ್ಟಿಗೆದ್ದು ಬರದೀರಿ," ಎಂದು ನಕ್ಕಳು. ಒಂದೂ ತಪ್ಪಲಿಲ್ಲ.

ಅಲ್ಲಿಂದಲೇ ಅಧಿಕಾರಿಗೆ ಫೋನು ಹಚ್ಚಿದೆ. ಎಲ್ಲವನ್ನೂ ಓದಬಲ್ಲವರು ಸಿಕ್ಕಿದ್ದಾರೆ, ನಾಳೆಯೇ ಕರೆತರುತ್ತೇನೆ ಎಂದೆ. ಯಾರು ಎಂದು ಕೇಳಿದರು. ಹೇಳಿದೆ.

"ಮೇಡಂ, ಸೀಟು ಬೇಕಾದಾಕಿನೇ ಓದಿದ್ರ ಅದು ಸಾಕ್ಷಿ ಹ್ಯಾಂಗ ಆಗ್ತದರಿ? ಮ್ಯಾಲಾಗಿ ಪಟ್ಟಿ ಇವತ್ತು ಮುಂಜಾನಿ ಹೋಗ್ಯಾದ. ನನಗ ಭಾಳ ಕೆಟ್ಟ ಅನಿಸ್ತದ," ಎಂದರು. ಅವರಿಗೆ ಕೆಟ್ಟ ಅನಿಸಿದ್ದು ನಿಜವೇ ಇರಬೇಕು.

ಫೋನು ಕೆಳಗಿಟ್ಟೆ. ಹೊರಗೆ ದಂಡೋತಿ ಬಸ್ಸಿನ ಹೊತ್ತಾಗುತ್ತಿತ್ತು. ಬಸವೇಶ್ವರಿ ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ನನ್ನ ಮುಂದೆ ಇಟ್ಟಳು.

"ನನಗೇ ಓದಲು ಬರಲಿಲ್ಲ. ನೀನು ಹೇಗೆ ಓದಿದೆ?" ಎಂದು ಕೇಳಿದೆ.

"ಮೂರು ವರ್ಷ ಬೋರ್ಡಿನ ಮ್ಯಾಲ ನಿಮ್ಮ ಅಕ್ಷರನೇ ಓದೀನಲ್ಲರಿ ಮೇಡಂ. ಮೊದಲ ವರ್ಷ ತಿಳೀತಿರಲಿಲ್ಲ. ಮನಿಗಿ ಹೋಗಿ ದಿನಾ ಒಂದೊಂದು ಕೂಡಿಸಿ ನೋಡ್ತಿದ್ದೆ. ಆಮ್ಯಾಲ ರೂಢಿ ಆಯ್ತು." ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. "ಬಸ್ಸು ಬರ್ತದ, ಹೋಗಿಬರ್ತೀನ್ರಿ."

ಅವಳು ಹೋದ ಮೇಲೆ ನಮೂನೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದೆ. ಅವಳು ಹೇಳಿದ್ದನ್ನು ಬರೆಯಲು ಅದರಲ್ಲಿ ಎಲ್ಲಿಯೂ ಜಾಗ ಇರಲಿಲ್ಲ. ನಮೂನೆ ಮಾಡಿದವಳು ನಾನೇ.