ಬೆಲ್ಲದ ಭರಣಿ

ಊಟವಾದ ಮೇಲೆ ಕೈ ತೊಳೆಯುವಷ್ಟು ಪುರುಸೊತ್ತನ್ನೂ ನಿದ್ದೆ ಮಾರ್ತಾಂಡರಾಯರಿಗೆ ಕೊಡುತ್ತಿರಲಿಲ್ಲ. ಹೆಂಡತಿ ಗಂಗೂಬಾಯಿ ತಂಬಿಗೆ ತರುವುದರೊಳಗೆ ಕಂಬಕ್ಕೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು. ಮರಾಠಿ ಸೀಮೆಯ ದೌಂಡದ ರೈಲ್ವೆ ಕಚೇರಿಯಲ್ಲಿ ಮೂವತ್ತು ವರ್ಷ ಹಗಲು ರೆಪ್ಪೆ ಮುಚ್ಚದ ಮನುಷ್ಯ.

ಗಂಗೂಬಾಯಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಗೊರಕೆ ಕೇಳಿದರೆ ಸಿಟ್ಟು, ನಿಂತರೆ ಭಯ. ಒಲೆ ಸಾರಿಸುತ್ತಿದ್ದವಳು ಎದ್ದು ಬಂದು ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಹೋಗುವಳು, ಮತ್ತೆ ಬರುವಳು.

“ಅರವತ್ತು ದಾಟಿದವರಿಗೆ ಉಂಡಮ್ಯಾಲೆ ನಿದ್ದಿ ಬರದ ಮತ್ತೇನ್ ಬರಬೇಕ್ರೀ, ಗಂಗಕ್ಕ?” ಅದೇ ವಾಡೆಯ ಪಕ್ಕದ ಮನೆಯ ರಾಧಾಬಾಯಿ ನಗುತ್ತಿದ್ದಳು. “ನಮ್ಮವರು ಆರತಿ ಹಿಡಕೊಂಡs ತೂಕಡಸ್ತಾರ.”

ನಿಶ್ಶಕ್ತಿಯೇ ಇರಬೇಕು ಎಂದುಕೊಂಡಳು ಗಂಗೂಬಾಯಿ. ಧಾರವಾಡದ ತವರಿನಲ್ಲಿ ದಣಿದು ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಹಾಗೆಂದು ದಿನಾ ಕಡೆಯ ಅನ್ನಕ್ಕೆ ಒಂದು ಮುಷ್ಟಿ ಬೆಲ್ಲ, ಮೇಲೆ ತುಪ್ಪ. ನಿದ್ದೆಯಿಂದ ಎದ್ದ ಕೂಡಲೇ ಪಾನಕ. ರಾಯರು ಅದನ್ನು ಮುಗಿಸಿ ಮತ್ತೆರಡು ತಂಬಿಗೆ ನೀರು ಕುಡಿಯುತ್ತಿದ್ದರು. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುತ್ತಿದ್ದರು. ಹಗಲು ನಿದ್ದೆ ಹೆಚ್ಚುತ್ತಲೇ ಹೋಯಿತು.

ಆಷಾಢದಲ್ಲಿ ಇರುವೆ ಎದ್ದವು. ಬೆಲ್ಲಕ್ಕೇ ಬಂದವೆಂದು ಭರಣಿಯನ್ನು ನೀರಿನ ತಟ್ಟೆಯಲ್ಲಿಟ್ಟಳು. ಸಾಲು ತಪ್ಪಲಿಲ್ಲ. ಅದರ ಬೆನ್ನು ಹತ್ತಿ ಹೋದಳು. ಇರುವೆಗಳು ಭರಣಿಯ ಕಡೆ ತಿರುಗದೆ ಬಚ್ಚಲ ಮೂಲೆಗೆ ಹೋಗಿ, ರಾಯರು ಮೂತ್ರಕ್ಕೆ ಕೂಡುವ ಕಲ್ಲನ್ನು ಮುತ್ತಿದ್ದವು.

ಡಾಕ್ಟರಾದರೇನು, ಇಂಥದನ್ನು ಪರಗಂಡಸಿನ ಮುಂದೆ ಹೇಗೆ ಹೇಳುವುದು? ಎರಡು ದಿನ ಬಾಯಿ ಬರಲಿಲ್ಲ. ಮೂರನೆಯ ದಿನ ರಾಯರು ತುತ್ತು ಬಾಯಲ್ಲಿದ್ದಂತೆಯೇ ಎಲೆಯ ಮೇಲೆ ಬಾಗಿದರು. ಆಕೆ ಓಡಿಹೋಗಿ ಅದೇ ಓಣಿಯಲ್ಲಿದ್ದ, ಬೆಳಗಾವಿ ಕಡೆಯವರಾದ ಲೋಕನಾಥ ಡಾಕ್ಟರನ್ನು ಕರೆತಂದಳು. ಅಷ್ಟರಲ್ಲಿ ರಾಯರು ಎದ್ದು ಕೂತು ಗೊಣಗುತ್ತಿದ್ದರು. ಗಂಗೂಬಾಯಿ ಬಚ್ಚಲ ಮೂಲೆಗೆ ಬೆರಳು ಮಾಡಿ, ಮುಖ ತಿರುಗಿಸಿ ನಿಂತಳು.

ಡಾಕ್ಟರು ಗಾಜಿನ ನಳಿಗೆಯ ನೀಲಿ ದ್ರಾವಣಕ್ಕೆ ರಾಯರ ಮೂತ್ರದ ಕೆಲವು ಹನಿ ಹಾಕಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪಾಯಿತು.

“ವಯಸ್ಸಾದವರು ಭಾಳ ಉಂಡರೂ ತೂಕಡಸ್ತಾರ, ರಾತ್ರಿ ನಿದ್ದಿ ಕೆಟ್ಟರೂ ತೂಕಡಸ್ತಾರ. ಇದು ಬರೇ ಅಷ್ಟ ಅಲ್ರೀ. ಸಕ್ಕರಿ ಬ್ಯಾನಿ. ಸೂಜಿನೂ ಬೇಕಾದೀತು. ಸಿಹಿ ಏನರೆ ಕೊಡ್ತೀರೇನು?”

“ದಿನಾ,” ಎಂದಳು ಗಂಗೂಬಾಯಿ. “ಶಕ್ತಿ ಬರಲಿ ಅಂತ... ನಾನs.”

ಸಂಜೆಗೇ ಭರಣಿ ರಾಧಾಬಾಯಿಯ ಮನೆ ಸೇರಿತು. ಮರುದಿನ ಕಡೆಯ ಅನ್ನಕ್ಕೆ ರಾಯರು ಕೈ ಚಾಚಿದರು.

“ಬೆಲ್ಲ?”

“ಇಲ್ರಿ.”

“ಮಹಾಯುದ್ಧ ಮುಗದು ಹದಿನೈದು ವರ್ಷಾತು. ಈಗ ಬೆಲ್ಲಕ್ಕ ಬರ ಬಂತೇನು?”

ಆಕೆ ಮಜ್ಜಿಗೆ ಬಡಿಸಿದಳು. ಚಾಚಿದ ಕೈ ಬಹಳ ಹೊತ್ತು ಹಾಗೇ ಇತ್ತು.

ಹದಿನೈದು ದಿನಕ್ಕೆ ನಿದ್ದೆ ಪೂರ್ತಿ ಬಿಡಲಿಲ್ಲ, ತೆಳುವಾಯಿತು. ಗಂಗೂಬಾಯಿ ಎಂದಿನಂತೆ ಅವರ ಮೂಗಿನ ಹತ್ತಿರ ಕೈ ತಂದಳು.

“ಇದ್ದೇನಿ, ಇನ್ನೂ ಇದ್ದೇನಿ,” ಕಣ್ಣು ತೆರೆಯದೆಯೇ ಅಂದರು ರಾಯರು. “ನೀ ಒಂದೀಟು ಕೂಡು.”

ಕೂತಳು. ಮತ್ತೆ ಎದ್ದಳು. ಪಾನಕದ ಹೊತ್ತಾಗಿತ್ತು, ಕೈ ತಾನಾಗಿಯೇ ಭರಣಿ ಇರುತ್ತಿದ್ದ ಖಾಲಿ ಹಲಗೆಗೆ ಹೋಯಿತು.